ಚೆಸ್ಸಿಯ ಮೇಲೆ ಕ್ಯಾಬಿನ್ ಕೂಡ್ರಿಸುವುದು

ಶಿಗ್ಗಾಂವಿಯ ಹೊರಗೆ ಹೆದ್ದಾರಿಗೆ ಮುಖ ಮಾಡಿದ ತಗಡಿನ ಶೆಡ್ಡೊಂದರಲ್ಲಿ ಹಳೆಯ ಟಾಟಾ 1210 ಲಾರಿಯೊಂದು ನಾಲ್ಕು ತಿಂಗಳಿಂದ ಎರಡು ಹೋಳಾಗಿ ನಿಂತಿತ್ತು. ಒಂದು ಬದಿಗೆ ಕೆಂಪು ಆಕ್ಸೈಡ್ ಬಳಿದ ಚೆಸ್ಸಿ, ಅದರ ಮೇಲೆ ಇಂಜಿನ್ನು, ಗೇರ್‌ಬಾಕ್ಸು. ಇನ್ನೊಂದು ಬದಿಗೆ ನಾಲ್ಕು ಖಾಲಿ ಆಯಿಲ್ ಡ್ರಮ್ಮುಗಳ ಮೇಲೆ ಕ್ಯಾಬಿನ್ನು. ಗಾಜಿಲ್ಲ, ಸೀಟಿಲ್ಲ. ಮಾಲೀಕ ಹಾನಗಲ್ ಕಡೆಯವ. ಅವನ ಅಪ್ಪ ಇದೇ ಗಾಡಿಯಲ್ಲಿ ಸುಗ್ಗಿಯಲ್ಲಿ ಭತ್ತ, ಬೇಸಿಗೆಯಲ್ಲಿ ಮಾವಿನಕಾಯಿ ಹೇರಿದವರು. ಗುಜರಿಯವರು ಕಿಲೋ ಲೆಕ್ಕದಲ್ಲಿ ಕೇಳಿದಾಗ ಮಗ ಕೊಡಲಿಲ್ಲ, ಇಲ್ಲಿಗೆ ತಂದು ನಿಲ್ಲಿಸಿದ.

ಐಟಿಐಯಲ್ಲಿ ಮೋಟಾರು ಮೆಕ್ಯಾನಿಕ್ ಪಾಠ ಹೇಳುವ ನಾನು ಹೊಸ ವರ್ಷದ ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಹೋದವರಿಗೆ ಒಂದೇ ಅವಸರ.

"ಸರ, ಚೈನ್ ಬ್ಲಾಕ್ ಐತಿ, ಮಂದಿ ಅದೀವಿ. ಇವತ್ತ ಎತ್ತಿ ಕೂಡ್ರಿಸಿ ಬಿಡೂಣೇನ್ರಿ?"

ಎತ್ತಿ ಇಳಿಸುವ ಕೆಲಸ ಅರ್ಧ ತಾಸಿನದು. ಅದಕ್ಕೆ ಮುಂಚಿನ ಕೆಲಸ ವಾರದ್ದು, ಆಮೇಲಿನದು ಎರಡು ದಿನದ್ದು. ಅವತ್ತು ಎತ್ತಲಿಲ್ಲ. ಶೆಡ್ಡಿನ ನೆಲದ ಮೇಲೆ ಕೂತು ನಾನು ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪಾನಾ ಕೈಯಲ್ಲಿ ಹಿಡಿದಿರದವರೂ ಓದಬಹುದು.

ಮೊದಲು ಒಂದು ಮಾತು. ನಮ್ಮ ಕಡೆ ಗ್ಯಾರೇಜಿನಲ್ಲಿ ಕ್ಯಾಬಿನ್ನನ್ನು ಯಾರೂ ‘ಜೋಡಿಸುವುದಿಲ್ಲ’, ‘ಕೂಡ್ರಿಸುತ್ತಾರೆ’. ಕೂತವರು ಮೈ ಸಡಿಲಿಸಬಹುದು, ಬಗ್ಗಬಹುದು, ಹೊರಳಬಹುದು. ಕ್ಯಾಬಿನ್ನಿಗೂ ಅಷ್ಟು ಆಸ್ಪದ ಕೊಡಬೇಕು. ಹೊಸಬರು ಮಾಡುವ ತಪ್ಪುಗಳೆಲ್ಲ ಬಹುಮಟ್ಟಿಗೆ ಇದನ್ನು ಮರೆತು ಬಿಗಿದದ್ದರಿಂದಲೇ ಆಗುವಂಥವು.

ಯಾಕೆಂದು ತಿಳಿಯಲು ಅಟ್ಟಕ್ಕೆ ಹಾಕುವ ಏಣಿಯನ್ನು ನೆನೆಸಿಕೊಳ್ಳಿ. ಚೆಸ್ಸಿ ಅಂದರೆ ಮಲಗಿಸಿದ ಏಣಿ. ಎರಡು ಉದ್ದ ಚಾನೆಲ್ಲು, ಅವುಗಳ ನಡುವೆ ಅಡ್ಡ ಚಾನೆಲ್ಲುಗಳು, ಸೇರುವಲ್ಲೆಲ್ಲ ರಿವೆಟ್ಟು. ಏಣಿಯ ಒಂದು ತುದಿಯನ್ನು ನೀವು, ಇನ್ನೊಂದು ತುದಿಯನ್ನು ಗೆಳೆಯ ಹಿಡಿದು ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡಿ, ಕೊಂಚ ತಿರುಚಿಕೊಳ್ಳುತ್ತದೆ. ಲಾರಿಯ ಚೆಸ್ಸಿಯೂ ಹಾಗೆಯೇ, ಅದು ತಿರುಚಿಕೊಳ್ಳಲೆಂದೇ ಮಾಡಿದ್ದು. ಎರಡು ಗಾಲಿಯ ಚಕ್ಕಡಿಗೆ ಈ ತಾಪತ್ರಯವಿಲ್ಲ; ಒಂದು ಗಾಲಿ ಗುಂಡಿಗಿಳಿದರೆ ಇಡೀ ಚಕ್ಕಡಿ ಆ ಬದಿಗೆ ವಾಲುತ್ತದೆ, ಅಷ್ಟೇ. ನಾಲ್ಕು ಮೂಲೆಯಲ್ಲಿ ಗಾಲಿ ಇರುವ ಗಾಡಿಯ ಒಂದು ಮೂಲೆ ಗುಂಡಿಗಿಳಿದಾಗ ಚೆಸ್ಸಿ ಬಗ್ಗಲೇಬೇಕು. ಬಗ್ಗದಿದ್ದರೆ ಎದುರಿನ ಗಾಲಿ ನೆಲ ಬಿಡುತ್ತದೆ, ಇಲ್ಲವೇ ರಿವೆಟ್ಟು ಕಿತ್ತುಬರುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಗೋವಿನಜೋಳದ ಸುಗ್ಗಿಯಲ್ಲಿ ಹಿರೇಕೆರೂರಿನ ಯಾವುದಾದರೂ ಹೊಲದ ಬದುವಿನ ಹತ್ತಿರ ನಿಲ್ಲಿ. ಹೇರಿಕೊಂಡ ಲಾರಿ ಹೊಲದಿಂದ ರಸ್ತೆಗೆ ಏರುವಾಗ ಮುಂದಿನ ಎಡಗಾಲಿ ಮೊದಲು ಮೇಲೆ ಬರುತ್ತದೆ. ಆಗ ಕ್ಯಾಬಿನ್ನಿನ ಬೆನ್ನಿಗೂ ಹಿಂದಿನ ಬಾಡಿಗೂ ನಡುವಿನ ಸಂದನ್ನು ಗಮನಿಸಿ. ಎರಡರ ಮೇಲಂಚು ಒಂದೊಂದು ಕಡೆಗೆ ವಾಲಿ, ಒಂದು ಮೂಲೆ ಇನ್ನೊಂದನ್ನು ದಾಟಿ ಹೊರಗೆ ಇಣುಕುತ್ತದೆ. ಗಾಡಿ ರಸ್ತೆಗೆ ಬಂದ ಕೂಡಲೇ ಮತ್ತೆ ಸಮ. ಆ ಸಂದಿಲ್ಲದಿದ್ದರೆ ಬಾಡಿಯ ಹಲಗೆ ಕ್ಯಾಬಿನ್ನಿನ ಬೆನ್ನು ಕೆರೆಯುತ್ತಿತ್ತು.

ಕ್ಯಾಬಿನ್ನಾದರೋ ಪೆಟ್ಟಿಗೆ. ಎರಡು ಬದಿಗೆ ಬಾಗಿಲು, ಮುಂದೆ ಗಾಜು. ಗಾಜು ತಿರುಚಿಕೊಳ್ಳುವ ಜಾತಿಯದಲ್ಲ. ಕೆಳಗಿನ ಏಣಿ ಹಿಂಡಿಕೊಳ್ಳುವಾಗ ಮೇಲಿನ ಪೆಟ್ಟಿಗೆ ಅದರ ಜೊತೆ ಹಿಂಡಿಕೊಳ್ಳದಂತೆ ನೋಡಿಕೊಳ್ಳುವುದೇ ಕ್ಯಾಬಿನ್ ಕೂಡ್ರಿಸುವ ವಿದ್ಯೆ. ಇದಕ್ಕೆ ಹಳೆಯ ಉಪಾಯವೊಂದಿದೆ. ಮೂರು ಕಲ್ಲಿನ ಒಲೆಯ ಮೇಲೆ ಗಡಿಗೆ ಎಂದೂ ಕುಂಟುವುದಿಲ್ಲ, ಕಲ್ಲುಗಳು ಎತ್ತರ ತಗ್ಗಾಗಿದ್ದರೂ ಸರಿಯೇ. ನಾಲ್ಕು ಕಾಲಿನ ಹೊರಸು ಮಣ್ಣಿನ ನೆಲದ ಮೇಲೆ ಕುಂಟುತ್ತದೆ. ಅದಕ್ಕೇ ಕೆಲವು ಲಾರಿಗಳಲ್ಲಿ ಕ್ಯಾಬಿನ್ ಮೂರು ಕಡೆ ಮಾತ್ರ ಕೂಡುತ್ತದೆ. ನಾಲ್ಕು ಕಡೆ ಕೂಡುವಲ್ಲಿ ಕುಂಟುವುದನ್ನು ನುಂಗಿಕೊಳ್ಳಲು ದಪ್ಪ ರಬ್ಬರು ಬೇಕು. ಹಾನಗಲ್ಲಿನ ಈ ಲಾರಿ ನಾಲ್ಕರದು.

ಕಂಪನಿಯ ಪುಸ್ತಕ ನೋಡಿ ಮಾಡಬಾರದೇ ಎಂದು ಹುಡುಗನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. 1945ರಲ್ಲಿ ಹುಟ್ಟಿದ ಟಾಟಾದವರ ಟೆಲ್ಕೊ 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಸೇರಿ ಜಮ್ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿತು. ಆ ಒಪ್ಪಂದ 1969ರಲ್ಲಿ ಮುಗಿಯಿತು. ಇತ್ತ ಮದ್ರಾಸಿನಲ್ಲಿ 1948ರ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಇಬ್ಬರ ಲಾರಿಗಳೂ ದಶಕಗಳ ಕಾಲ ಬಹಳಷ್ಟು ಬರಿಮೈಯಲ್ಲೇ ಮಾರಾಟವಾದವು: ಚೆಸ್ಸಿ, ಇಂಜಿನ್ನು, ಮುಂದೊಂದು ಮೂತಿ. ಡ್ರೈವರ್ ಡಬ್ಬದ ಮೇಲೋ ಹಲಗೆಯ ಮೇಲೋ ಕೂತು, ಮುಖಕ್ಕೆ ವಸ್ತ್ರ ಸುತ್ತಿಕೊಂಡು, ನೂರಾರು ಮೈಲಿ ಓಡಿಸಿಕೊಂಡು ಬರುತ್ತಿದ್ದ. ಸಾಗಣೆ ಉದ್ಯಮಿ ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ವ್ಯವಹಾರ ಶುರುಮಾಡಿದ ಕಾಲದಲ್ಲಿ ಈ ಭಾಗದಲ್ಲಿ ಕ್ಯಾಬಿನ್ ಕಟ್ಟುವವರು ಊರಿನ ಬಡಿಗರು, ತಗಡಿನ ಟಿಂಕರುಗಳು. ಸಾಗವಾನಿ, ಮತ್ತಿ, ಹೊನ್ನೆ, ಏನು ಸಿಕ್ಕಿತೋ ಅದರ ಚೌಕಟ್ಟು, ಅದಕ್ಕೆ ತಗಡಿನ ಹೊದಿಕೆ. ಹಾಗಾಗಿ ಒಬ್ಬರು ಕಟ್ಟಿದ ಕ್ಯಾಬಿನ್ ಇನ್ನೊಬ್ಬರದರ ಹಾಗಿರುವುದಿಲ್ಲ. ಪುಸ್ತಕದಲ್ಲಿ ಚೆಸ್ಸಿಯ ತೂತು ಎಲ್ಲಿದೆ ಎಂದು ಇದೆ. ಕ್ಯಾಬಿನ್ನಿನ ತೂತು ಎಲ್ಲಿ ಎಂಬುದು ಆ ಬಡಿಗನ ಪೆನ್ಸಿಲ್ಲಿಗಷ್ಟೇ ಗೊತ್ತಿತ್ತು. ಈ ಲಾರಿಯ ಮರದ ಪಕ್ಕೆಗಳನ್ನು ಈಗ ಹೊಸದಾಗಿ ಮಾಡಿದವರು ಹಿರೇಕೆರೂರಿನ ಬಡಿಗರು, ತಗಡು ಬಡಿದವರು ಸವಣೂರಿನ ಚಾಚಾ.

ಇನ್ನು ಕೆಲಸಕ್ಕೆ ಬರೋಣ. ಎತ್ತುವ ಮೊದಲು ಚೆಸ್ಸಿ ಸರಿ ಇದೆಯೇ ನೋಡಬೇಕು. ಸೊಟ್ಟ ಚೆಸ್ಸಿಯ ಮೇಲೆ ನೆಟ್ಟಗಿನ ಕ್ಯಾಬಿನ್ ಕೂಡುವುದಿಲ್ಲ. ಗಾಡಿಯನ್ನು ಸಮ ನೆಲದಲ್ಲಿ ಗಾಲಿಯ ಮೇಲೆ ನಿಲ್ಲಿಸಿ. ಎರಡೂ ಚಾನೆಲ್ಲುಗಳ ಒಂದೇ ಜಾಗದ ತೂತುಗಳಿಂದ ತೂಕದ ಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಮುಂದೆ ಎರಡು, ಹಿಂದೆ ಎರಡು. ಈಗ ಮೂಲೆಯಿಂದ ಮೂಲೆಗೆ ಟೇಪು ಹಿಡಿಯಿರಿ. ಎಂಟನೆಯ ತರಗತಿಯಲ್ಲಿ ಕಲಿತ ಆಯತದ ಕರ್ಣ ಇದೇ. ಎರಡು ಕರ್ಣ ಸಮ ಬಂದರೆ ಚೆಸ್ಸಿ ಮೂಲೆಗೆ ಎಳೆದಿಲ್ಲ. ನಾನು 3 ಮಿಲಿಮೀಟರಿನ ವ್ಯತ್ಯಾಸದ ತನಕ ಸುಮ್ಮನಿರುತ್ತೇನೆ, ಅದಕ್ಕಿಂತ ಹೆಚ್ಚಾದರೆ ಕೆಲಸ ನಿಲ್ಲಿಸುತ್ತೇನೆ. ಅಡ್ಡ ಚಾನೆಲ್ಲುಗಳ ಮೇಲೆ ರಸಮಟ್ಟ ಇಡಿ, ಮುಂದಿನದೂ ಹಿಂದಿನದೂ ಒಂದೇ ಕಡೆ ತೋರಿಸಬೇಕು. ಒಂದು ಬದಿಯ ಸ್ಪ್ರಿಂಗ್ ಪ್ಲೇಟು ದಣಿದಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಹೊಸ ತೂತು ಬೇಕೇ ಬೇಕೆಂದರೆ ಚಾನೆಲ್ಲಿನ ನಿಂತ ಗೋಡೆಯಲ್ಲಿ ಕೊರೆಯಿರಿ. ಮೇಲಿನ ಕೆಳಗಿನ ಮಡಿಕೆಯನ್ನು ಮುಟ್ಟಬೇಡಿ, ಹೊರೆ ಹೊರುವುದು ಆ ಮಡಿಕೆ. ಅಲ್ಲಿ ಕೊರೆದ ತೂತಿನಿಂದಲೇ ಬಿರುಕು ಹೊರಡುತ್ತದೆ. ಬೆಸುಗೆಯೂ ಅಲ್ಲಿ ಬೇಡ. ಚೆಸ್ಸಿ ನಂಬರು ಕೊರೆದ ಜಾಗಕ್ಕೆ ಗ್ರೈಂಡರ್ ತಾಗಿಸಲೇಬೇಡಿ. ಬಣ್ಣ ಬಳಿಯುವ ಮೊದಲೇ ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದಿಡಿ. ಆರ್‌ಟಿಒ ಕಚೇರಿಯಲ್ಲಿ ಆ ಕಾಗದ ನಿಮ್ಮ ಒಂದು ತಿಂಗಳ ಓಡಾಟ ಉಳಿಸೀತು.

ಬ್ರೇಕ್ ಪೈಪು, ಡೀಸೆಲ್ ಪೈಪು, ಗೇರ್‌ಬಾಕ್ಸಿನ ಮೇಲ್ಮುಚ್ಚಳ, ಕ್ಲಚ್ಚಿನ ಕೊಂಡಿ, ಇಂಜಿನ್ನಿನ ವಾಯರಿಂಗು ಇವೆಲ್ಲ ಕ್ಯಾಬಿನ್ ಇಲ್ಲದಾಗಲೇ ಮುಗಿಯಬೇಕು. ಈಗ ನಿಂತು ಮಾಡುವ ಕೆಲಸವನ್ನು ಆಮೇಲೆ ಕೆಳಗೆ ಮಲಗಿ, ಮುಖದ ಮೇಲೆ ಎಣ್ಣೆ ತೊಟ್ಟಿಕ್ಕಿಸಿಕೊಂಡು ಮಾಡಬೇಕಾಗುತ್ತದೆ.

ರಬ್ಬರಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ, ಪಾಠದ ತಿರುಳು ಇದೇ. ಒಂದು ಮೌಂಟಿಂಗ್ ಬಿಚ್ಚಿ ಬಟ್ಟೆಯ ಮೇಲೆ ಹರಡಿದರೆ ಇಷ್ಟು ಸಿಗುತ್ತದೆ: ಉದ್ದನೆಯ ಬೋಲ್ಟು, ಅಗಲ ವಾಶರು, ಮೇಲಿನ ದಪ್ಪ ರಬ್ಬರು, ಕೆಳಗಿನ ತೆಳು ರಬ್ಬರು, ಬೆರಳುದ್ದದ ಒಂದು ಕಬ್ಬಿಣದ ಕೊಳವೆ, ಮತ್ತೆ ವಾಶರು, ಲಾಕ್ ನಟ್ಟು. ಕ್ಯಾಬಿನ್ನಿನ ಬ್ರಾಕೆಟ್ಟಿಗೂ ಚೆಸ್ಸಿಯ ಬ್ರಾಕೆಟ್ಟಿಗೂ ನಡುವೆ ದಪ್ಪ ರಬ್ಬರು ಕೂಡುತ್ತದೆ, ಭಾರ ಹೊರುವುದು ಅದು. ಚೆಸ್ಸಿಯ ಬ್ರಾಕೆಟ್ಟಿನ ಅಡಿಗೆ ತೆಳು ರಬ್ಬರು. ಗುಂಡಿ ಹಾರಿದಾಗ ಕ್ಯಾಬಿನ್ ಮೇಲಕ್ಕೆ ಜಿಗಿಯುತ್ತದಲ್ಲ, ಅದನ್ನು ಹಿಡಿಯುವುದು ಈ ತೆಳು ರಬ್ಬರು. ಬೋಲ್ಟು ಎರಡರ ನಡುವೆಯೂ ಹಾಯುತ್ತದೆ.

ಆ ಕೊಳವೆ ಯಾತಕ್ಕೆ? ಅದನ್ನು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಹುಡುಗರು ತಲೆ ಕೆರೆದುಕೊಳ್ಳುತ್ತಾರೆ. ಬೋಲ್ಟು ಕೊಳವೆಯೊಳಗೆ ಹೋಗುತ್ತದೆ, ರಬ್ಬರು ಕೊಳವೆಯ ಸುತ್ತ ಕೂಡುತ್ತದೆ. ನಟ್ಟು ಬಿಗಿಯುತ್ತ ಹೋದಂತೆ ರಬ್ಬರು ಇಷ್ಟಿಷ್ಟೇ ಅದುಮಿಕೊಳ್ಳುತ್ತದೆ. ವಾಶರು ಬಂದು ಕೊಳವೆಯ ತುದಿಗೆ ತಾಗಿದಾಗ ಮುಂದೆ ಹೋಗಲು ಜಾಗವಿಲ್ಲ. ಅಲ್ಲಿಂದಾಚೆ ನೀವು ಬಿಗಿಯುವುದು ಕಬ್ಬಿಣವನ್ನು, ರಬ್ಬರನ್ನಲ್ಲ. ರಬ್ಬರು ಎಷ್ಟು ಮೆತ್ತಗಿರಬೇಕೋ ಅಷ್ಟೇ ಮೆತ್ತಗೆ ಉಳಿಯುತ್ತದೆ. 8.8 ಗುರುತಿನ 12 ಎಂಎಂ ಬೋಲ್ಟಿಗೆ ಸುಮಾರು 80 ನ್ಯೂಟನ್ ಮೀಟರ್ ಬಿಗಿ ಸಾಕು. ಅಂದರೆ ಒಂದಡಿ ಉದ್ದದ ಪಾನಾದ ತುದಿಗೆ 27 ಕಿಲೋ ತೂಗುಬಿಟ್ಟಷ್ಟು. ಪಾನಾಕ್ಕೆ ಪೈಪು ಸಿಕ್ಕಿಸಿ ಜೋತುಬೀಳುವ ಪದ್ಧತಿ ಇಲ್ಲಿ ನಡೆಯುವುದಿಲ್ಲ.

ನಾನು ಕಲಿಯುವ ಕಾಲದಲ್ಲಿ ಈ ಕೊಳವೆಗಳನ್ನು ತೊಳೆಯಲೆಂದು ಡೀಸೆಲ್ ಡಬ್ಬಿಯಲ್ಲಿ ಹಾಕಿ ಅಲ್ಲೇ ಮರೆತಿದ್ದೆ. ಕೊಳವೆಯಿಲ್ಲದೇ ನಾಲ್ಕೂ ಬೋಲ್ಟು ಹಾಕಿ, ಮೈಯಲ್ಲಿದ್ದ ಶಕ್ತಿಯೆಲ್ಲ ಹಾಕಿ ಬಿಗಿದೆ. ರಬ್ಬರು ಚಪಾತಿಯ ಹಾಗಾಯಿತು. ಕ್ಯಾಬಿನ್ ಬಂಡೆಯ ಹಾಗೆ ನಿಂತಿತು, ನನಗೋ ಹೆಮ್ಮೆ. ಮೂರನೆಯ ದಿನ ಲಾರಿ ಮುಂಗಾಜು ಸೀಳಿಕೊಂಡು ತಿರುಗಿ ಬಂತು. ಕೆಳಗಿನ ಬಲಮೂಲೆಯಿಂದ ಮೇಲಿನ ಎಡಮೂಲೆಗೆ ಒಂದೇ ಗೆರೆ. ಕಲ್ಲು ಹೊಡೆದಿರಲಿಲ್ಲ. ಮಿಸ್ತ್ರಿ ಬೈಯಲಿಲ್ಲ, ಡಬ್ಬಿಯಿಂದ ನಾಲ್ಕು ಕೊಳವೆ ತೆಗೆದು ನನ್ನ ಅಂಗೈಗಿಟ್ಟು ಚಹಾ ಕುಡಿಯಲು ಹೋದರು.

ಹಳೆಯ ಟೈರು ಕತ್ತರಿಸಿ ರಬ್ಬರಿನ ಬದಲು ಹಾಕುವುದು ನಮ್ಮ ಕಡೆ ಬಹಳ ರೂಢಿ. ಖರ್ಚಿಲ್ಲ, ಬಲವಾಗಿದೆ ಎನ್ನುತ್ತಾರೆ. ಬಲವಾಗಿರುವುದೇ ತೊಂದರೆ. ಟೈರಿನೊಳಗೆ ನೈಲಾನ್ ನೂಲಿನ ಪದರಗಳಿವೆ, ಅದು ಅದುಮಿಕೊಳ್ಳುವುದಿಲ್ಲ. ಕೆಲಸದ ಅಡಚಣೆಗೆ ಒಂದು ದಿನದ ಮಟ್ಟಿಗೆ ಸರಿ. ಜತನದಿಂದ ಹೊಸದು ಮಾಡುತ್ತಿರುವ ಗಾಡಿಗೆ ಬೇಡ. ಹಳೆಯ ರಬ್ಬರನ್ನು ಉಗುರಿನಿಂದ ಒತ್ತಿ ನೋಡಿ. ಗುರುತು ಮೂಡಿ ಮಾಯವಾದರೆ ಜೀವವಿದೆ. ಗುರುತೇ ಮೂಡದಿದ್ದರೆ ಕಲ್ಲಾಗಿದೆ. ಡೀಸೆಲ್ ಕುಡಿದು ಉಬ್ಬಿದ್ದರೆ ಎಸೆಯಿರಿ.

ಎತ್ತುವ ದಿನ ಬಂತು. ನೆಲ ಕತ್ತರಿಸಿ ಹೊಸದು ಹಾಕಿದ ಕ್ಯಾಬಿನ್ನಾದ್ದರಿಂದ ಚಾಚಾ ಮೊದಲೇ ಬಾಗಿಲ ಬಾಯಿಗೆ ಅಡ್ಡಡ್ಡ ಕಬ್ಬಿಣದ ಪಟ್ಟಿ ಬೆಸೆದಿದ್ದರು. ಇಲ್ಲದಿದ್ದರೆ ಎತ್ತುವಾಗ ಬಾಗಿಲ ಬಾಯಿ ಅಗಲಿಸಿ, ಆಮೇಲೆ ಯಾವ ಬಾಗಿಲೂ ಮುಚ್ಚುವುದಿಲ್ಲ. ಕಿಟಕಿಗಳ ನಡುವೆ ದಪ್ಪ ಹಲಗೆ ತೂರಿಸಿ, ಅಗಲ ಬೆಲ್ಟು ಸುತ್ತಿ, ಚೈನ್ ಬ್ಲಾಕಿಗೆ ಸಿಕ್ಕಿಸಿದೆವು. ಬರಿ ಸರಪಳಿ ತಗಡಿಗೆ ತಾಗಿದರೆ ಹೊಸ ಬಣ್ಣದ ಕಥೆ ಮುಗಿಯಿತು. ಮೊದಲು ಒಂದು ಗೇಣು ಮಾತ್ರ ಎತ್ತಿ ನಿಲ್ಲಿಸಿದೆವು. ಕ್ಯಾಬಿನ್ ಮೂತಿಯ ಕಡೆಗೆ ವಾಲಿತು. ಇಳಿಸಿ, ಬೆಲ್ಟು ಎರಡು ಬೆರಳು ಮುಂದೆ ಸರಿಸಿ ಮತ್ತೆ ಎತ್ತಿದಾಗ ಸಮನಾಗಿ ತೂಗಿತು. ಚೆಸ್ಸಿಯನ್ನು ತಳ್ಳಿಕೊಂಡು ಅದರಡಿಗೆ ತಂದೆವು. ತೂಗುವ ಭಾರವನ್ನು ನಡೆಸಬೇಡಿ, ಗಾಲಿ ಇರುವುದನ್ನು ನಡೆಸಿ.

ತಲೆ ಕತ್ತರಿಸಿ ತುದಿ ಚೂಪು ಮಾಡಿದ ಎರಡು ಉದ್ದ ಬೋಲ್ಟುಗಳನ್ನು ಎದುರುಬದುರು ಮೂಲೆಯ ತೂತುಗಳಲ್ಲಿ ನಿಲ್ಲಿಸಿದ್ದೆವು, ಮುಂದೆ ಎಡಕ್ಕೊಂದು, ಹಿಂದೆ ಬಲಕ್ಕೊಂದು. ಕ್ಯಾಬಿನ್ನಿನ ತೂತು ಇವುಗಳೊಳಗೆ ಇಳಿದರೆ ಉಳಿದೆರಡು ತಾವಾಗಿ ಎದುರಾಗುತ್ತವೆ. ಕೊನೆಯ ನಾಲ್ಕು ಬೆರಳಿನ ಅಂತರದಲ್ಲೇ ಎಲ್ಲರಿಗೂ ಕೈ ಹಾಕಿ ಸರಿಮಾಡುವ ಆಸೆ ಬರುವುದು. ಒಬ್ಬ ಹುಡುಗ ರಬ್ಬರು ಸೊಟ್ಟಗಾಯಿತೆಂದು ಬೆರಳು ತೂರಿಸಲು ಹೋದ. ಚಾಚಾ ಅವನ ಮುಂಗೈ ಹಿಡಿದು ಹಿಂದಕ್ಕೆಳೆದರು. "ಬೆರಳ ಹೋದ್ರ ಟಿಂಕರಿಂಗ್ ಮಾಡಾಕ ಬರೂದಿಲ್ಲೋ ಬೇಟಾ" ಎಂದರು. ರಬ್ಬರು ಸರಿಸಲು ಮರದ ಕಡ್ಡಿ ಬಳಸಿ.

ಕೂತ ಮೇಲೆ ನಾಲ್ಕು ಬೋಲ್ಟನ್ನೂ ಕೈಯಿಂದ ಮಾತ್ರ ತಿರುಗಿಸಿ ಬಿಡಿ. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ನಾಲ್ಕನೆಯದರ ತೂತು ಸಿಗುವುದಿಲ್ಲ. ಈಗ ಅಡ್ಡಪಟ್ಟಿ ಬಿಚ್ಚಿ, ಬಾಗಿಲು ತೂಗುಹಾಕಿ, ನಿಧಾನ ಮುಚ್ಚಿ. ಸುತ್ತಲಿನ ಸಂದಿನಲ್ಲಿ ಐದು ರೂಪಾಯಿಯ ದಪ್ಪ ನಾಣ್ಯ ಆಡಿಸಿ ನೋಡಿ. ಬಾಗಿಲಿನ ಹಿಂದಿನ ಮೇಲ್ಮೂಲೆ ಚಾವಣಿಗೆ ಒತ್ತುತ್ತಿದ್ದರೆ ಆ ಬದಿಯ ಹಿಂದಿನ ಮೌಂಟಿಂಗ್ ತಗ್ಗಿದೆ ಎಂದರ್ಥ. ಕ್ಯಾಬಿನ್ನನ್ನು ಅಲ್ಲಿ ಕೊಂಚ ಎತ್ತಿ ರಬ್ಬರಿನ ಅಡಿಗೆ ತಗಡಿನ ಬಿಲ್ಲೆ ಕೊಡಿ. ನಮ್ಮ ಲಾರಿಗೆ ಎಡಗಡೆ ಹಿಂದೆ 2 ಮಿಲಿಮೀಟರಿನ ಒಂದು ಬಿಲ್ಲೆ ಸಾಕಾಯಿತು. ಬಾಗಿಲನ್ನು ಸುತ್ತಿಗೆಯಿಂದ ಸರಿಮಾಡುವುದು ತಪ್ಪಲ್ಲ, ಆದರೆ ಬಿಲ್ಲೆ ಕೊಟ್ಟು ನೋಡಿದ ಮೇಲಿನ ಮಾತು ಅದು.

ಸ್ಟೇರಿಂಗ್ ಕಂಬವನ್ನು ಡ್ಯಾಶಿಗೆ ಕೊನೆಯಲ್ಲಿ ಬಿಗಿಯಿರಿ. ಮೊದಲೇ ಬಿಗಿದರೆ ಕ್ಯಾಬಿನ್ನಿನ ಭಾರ ಕಂಬದ ಮೇಲೆ ಬಂದು ಸ್ಟೇರಿಂಗ್ ಬಿಗಿಯಾಗಿ ತಿರುಗುತ್ತದೆ. ಗೇರು ಎಲ್ಲ ಕಡೆ ಹಾಕಿ ನೋಡಿ, ಕಡ್ಡಿ ನೆಲದ ತಗಡಿಗೆ ತಾಗಬಾರದು. ಇಂಜಿನ್ ಚಾಲೂ ಆದಾಗ ಅದೂ ಅಲುಗುತ್ತದೆ ಎಂಬುದು ನೆನಪಿರಲಿ.

ಹುಡುಗರೆಲ್ಲ ಕೈ ತೊಳೆಯಲು ಹೊರಟಾಗ ಹೆಡ್‌ಲೈಟ್ ಹಾಕಲು ಹೇಳಿದೆ. ದೀಪ ಮಿಣಮಿಣ ಉರಿಯಿತು. ಹಾರ್ನ್ ಒತ್ತಿದರೆ ಇನ್ನೂ ಮಂಕು. ಬ್ಯಾಟರಿ ಹೊಸದು, ವಾಯರು ಹೊಸದು. ಐದು ನಿಮಿಷ ಬಿಟ್ಟು ಇಂಜಿನ್ ನಿಲ್ಲಿಸುವ ಎಳೆತಂತಿಯನ್ನು ಮುಟ್ಟಿ ನೋಡಲು ಒಬ್ಬನಿಗೆ ಹೇಳಿದೆ. "ಬೆಚ್ಚಗ ಐತ್ರಿ ಸರ!" ಕಾರಣ ಸುಲಭ. ಬ್ಯಾಟರಿಯ ಒಂದು ತುದಿ ಚೆಸ್ಸಿಗೆ. ದೀಪಕ್ಕೆ ಹೋದ ಕರೆಂಟು ಚೆಸ್ಸಿಯ ಮೂಲಕ ತಿರುಗಿ ಬರಬೇಕು. ನಾವು ನಾಲ್ಕೂ ಕಡೆ ರಬ್ಬರು ಕೊಟ್ಟು, ಅದರ ಮೇಲೆ ಒಳ್ಳೆಯ ಬಣ್ಣ ಬಳಿದು, ದಾರಿ ಮುಚ್ಚಿದ್ದೆವು. ಪಾಪ, ಕರೆಂಟು ಎಳೆತಂತಿ ಹಿಡಿದು ಮನೆಗೆ ಹೋಗುತ್ತಿತ್ತು. ಕ್ಯಾಬಿನ್ನಿನಿಂದ ಚೆಸ್ಸಿಗೆ ಹೆಣೆದ ತಾಮ್ರದ ಅರ್ತ್ ಪಟ್ಟಿ ಹಾಕಿ, ಎರಡೂ ತುದಿಯ ಬಣ್ಣ ಕೆರೆದು ಬಿಳಿ ಕಬ್ಬಿಣ ಕಾಣಿಸಿ ಬಿಗಿದಾಗ ದೀಪ ನೆಟ್ಟಗಾಯಿತು. ಹಳೆಯ ಲಾರಿ ಹೊಸದು ಮಾಡಿದವರು ಬ್ಯಾಟರಿ ಬದಲಿಸಿ, ಡೈನಮೊ ಬದಲಿಸಿ ಹಣ ಕಳೆಯುವುದನ್ನು ಬಹಳ ನೋಡಿದ್ದೇನೆ. ಮೊದಲು ಈ ಪಟ್ಟಿ ನೋಡಿ.

ಕಾನೂನಿನದು ಎರಡು ಮಾತು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸಬಾರದು. ಹಾಗಾಗಿ ಬೇರೆ ಮಾದರಿಯ ಕ್ಯಾಬಿನ್ ತಂದು ಹೇರುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಕೇಳಿ. 50 ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮ ಬಂದಿದೆಯಾದರೂ ಅದು ಬಾಡಿಗೆಗೆ ಹೊಡೆಯುವ ಗಾಡಿಗೆ ಸಲ್ಲುವುದಿಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ 3.5 ಟನ್ ಮೀರಿದ ಟ್ರಕ್ಕುಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಡ್ರೈವರುಗಳ ಮಟ್ಟಿಗೆ ಇದು ಬಹಳ ತಡವಾಗಿ ಬಂದ ಒಳ್ಳೆಯ ಸುದ್ದಿ. ಬಡಿಗರು ಮರದಲ್ಲಿ ಕ್ಯಾಬಿನ್ ಕಟ್ಟುವ ಕಾಲ ಮಾತ್ರ ಇನ್ನು ಬರಲಾರದು.

ಲಾರಿ ಹಾನಗಲ್ಲಿಗೆ ಹೋಗುವಾಗ ಮಾಲೀಕನಿಗೆ ಒಂದೇ ಮಾತು ಹೇಳಿದ್ದೆ: 500 ಕಿಲೋಮೀಟರ್ ಆದ ಮೇಲೆ ನಾಲ್ಕೂ ನಟ್ಟಿಗೆ ಪಾನಾ ಹಾಕಿಸು. ಅವನು ಮರೆಯದೆ ಬಂದ. ಮೂರು ಅಲುಗಲಿಲ್ಲ. ಬಿಲ್ಲೆ ಕೊಟ್ಟಿದ್ದ ಎಡಗಡೆಯ ಹಿಂದಿನದು ಮಾತ್ರ ಕಾಲು ಸುತ್ತು ತಿರುಗಿತು; ಅಲ್ಲಿ ವಾಶರಿನಡಿಗೆ ಬಣ್ಣ ದಪ್ಪಗಿತ್ತು.